ಮುನ್ನೂರು ಬಾಡ್‌ನ ಬಳುವಳಿ

ವಿ-ಐ ಎಂಬ ಎಡಿಟರ್‌ಗೆ ಒಗ್ಗಿದವರು ಕರ್ಸರನ್ನು ಎಡಕ್ಕೆ ಸರಿಸಲು ಎಚ್ ಒತ್ತುತ್ತಾರೆ. ಕೆಳಗಿಳಿಯಲು ಜೆ, ಮೇಲೇರಲು ಕೆ, ಬಲಕ್ಕೆ ಎಲ್. ಬಾಣದ ಗುರುತಿನ ಕೀಲಿಗಳು ಪಕ್ಕದಲ್ಲೇ ಇದ್ದರೂ ಕೈ ಅತ್ತ ಹೋಗುವುದಿಲ್ಲ. ಕಾರಣ ಕೇಳಿದರೆ, ಬೆರಳುಗಳು ಇದ್ದಲ್ಲೇ ಇರುತ್ತವೆ, ಕೆಲಸ ಬೇಗ ಆಗುತ್ತದೆ ಎನ್ನುತ್ತಾರೆ. ಮಾತು ಸುಳ್ಳಲ್ಲ, ಆದರೆ ಅದು ಆಮೇಲೆ ಹುಟ್ಟಿದ ಸಮರ್ಥನೆ. ವಿ-ಐ ರೂಪುಗೊಂಡದ್ದು ಲಿಯರ್ ಸೀಗ್ಲರ್ ಕಂಪನಿಯ ಎಡಿಎಂ-3ಎ ಎಂಬ ಟರ್ಮಿನಲ್ ಮೇಲೆ, ಅಂದರೆ ಕಂಪ್ಯೂಟರ್‌ಗೆ ಜೋಡಿಸುವ ಪರದೆ-ಕೀಲಿಮಣೆಯ ಮೇಲೆ. ಅದರಲ್ಲಿ ಬಾಣಗಳಿಗೆಂದು ಬೇರೆ ಕೀಲಿಗಳೇ ಇರಲಿಲ್ಲ. ಇದೇ ನಾಲ್ಕು ಅಕ್ಷರಗಳ ಮೇಲೆ ಬಾಣಗಳನ್ನೂ ಅಚ್ಚೊತ್ತಿದ್ದರು. ಟರ್ಮಿನಲ್ ಗುಜರಿಗೆ ಹೋಗಿ ದಶಕಗಳಾದವು, ಬೆರಳಿನ ಅಭ್ಯಾಸ ಮಾತ್ರ ಉಳಿಯಿತು.

ನೆಚ್ಚಿನ ಎಡಿಟರನ್ನು ತಾವೇ ಅಳೆದು ತೂಗಿ ಆರಿಸಿಕೊಂಡೆವು ಎಂದು ಪ್ರೋಗ್ರಾಮರುಗಳು ನಂಬುತ್ತಾರೆ. ನಿಜ ನೋಡಿದರೆ ಬಹಳ ಮಂದಿಗೆ ಅದು ಮನೆದೇವರಂತೆ ಬಂದದ್ದು: ಮೊದಲ ಕೆಲಸದಲ್ಲಿ ಪಕ್ಕದ ಕುರ್ಚಿಯ ಹಿರಿಯರು ಯಾವುದಕ್ಕೆ ನಡೆದುಕೊಳ್ಳುತ್ತಿದ್ದರೋ ಅದಕ್ಕೇ ಇವರೂ. ಆ ಹಿರಿಯರಿಗೆ ಅದು ಬಂದದ್ದು ಅವರ ಕಾಲದ ಯಂತ್ರಗಳಿಂದ, ಆ ಯಂತ್ರಗಳ ಕೊರತೆಗಳಿಂದ.

ಕೊರತೆಯ ಕಥೆ ಟೆಲಿಟೈಪ್‌ನಿಂದ ಶುರುವಾಗುತ್ತದೆ. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಯುನಿಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಗಾಗಿ ಇ-ಡಿ ಎಂಬ ಎಡಿಟರ್ ಬರೆದಾಗ ಅವರ ಮುಂದೆ ಪರದೆ ಇರಲಿಲ್ಲ. ಬೆರಳಚ್ಚು ಯಂತ್ರದಂಥ ಟೆಲಿಟೈಪ್, ಅದರಲ್ಲಿ ಕಾಗದದ ಸುರುಳಿ. ಮಾಡೆಲ್ 33 ಯಂತ್ರ ಸೆಕೆಂಡಿಗೆ ಹತ್ತೇ ಅಕ್ಷರ ಮುದ್ರಿಸುತ್ತಿತ್ತು. ಹೀಗಿರುವಾಗ ಕಡತದಲ್ಲಿ ಏನಿದೆ ಎಂದು ಮತ್ತೆ ಮತ್ತೆ ತೋರಿಸುವುದು ದುಬಾರಿ ಬಾಬತ್ತು. ಇ-ಡಿ ಕೇಳಿದ ಸಾಲನ್ನಷ್ಟೇ ಮುದ್ರಿಸುತ್ತಿತ್ತು, ಕೇಳದಿದ್ದರೆ ಸುಮ್ಮನಿರುತ್ತಿತ್ತು. ತಪ್ಪು ಮಾಡಿದರೆ ಅದರ ಉತ್ತರ ಒಂದೇ ಒಂದು ಪ್ರಶ್ನಾರ್ಥಕ ಚಿಹ್ನೆ. ಎಲ್ಲಿ ತಪ್ಪಾಯಿತು ಎಂಬುದನ್ನು ಬಳಸುವವರೇ ಊಹಿಸಿಕೊಳ್ಳಬೇಕು. ಇದನ್ನು ಗರ್ವ ಎಂದು ನಗೆಯಾಡುವುದುಂಟು, ಆದರೆ ಅದು ಮಿತವ್ಯಯ. ಆಜ್ಞೆಗಳೂ ಒಂದೊಂದೇ ಅಕ್ಷರದವು. ಬೇಕಾದ ಪದವಿನ್ಯಾಸವಿರುವ ಸಾಲುಗಳನ್ನೆಲ್ಲ ಹೆಕ್ಕಿ ಮುದ್ರಿಸುವ ಇ-ಡಿಯ ಆಜ್ಞೆಯೇ ಮುಂದೆ ಗ್ರೆಪ್ ಎಂಬ ಸ್ವತಂತ್ರ ಪ್ರೋಗ್ರಾಮ್ ಆಗಿ, ಇವತ್ತಿಗೂ ದುಡಿಯುತ್ತಿದೆ.

ಲಂಡನ್ನಿನ ಕ್ವೀನ್ ಮೇರಿ ಕಾಲೇಜಿನಲ್ಲಿ ಜಾರ್ಜ್ ಕುಲೌರಿಸ್ ಎಂಬ ಅಧ್ಯಾಪಕರಿಗೆ ಈ ಮೌನ ಸಹಿಸಲಾಗಲಿಲ್ಲ. ಅವರ ಲ್ಯಾಬಿನಲ್ಲಿ ಆಗಲೇ ಪರದೆಯ ಟರ್ಮಿನಲ್‌ಗಳಿದ್ದವು. ಇ-ಡಿಯನ್ನೇ ತಿದ್ದಿ, ಒಂದು ಸಾಲನ್ನು ಕಣ್ಣೆದುರಿಗೇ ಬದಲಾಯಿಸುವಂತೆ ಮಾಡಿದರು. ಅಲ್ಲಿಗೆ ಬಂದಿದ್ದ ಥಾಂಪ್ಸನ್‌ಗೆ ತೋರಿಸಿದಾಗ, ತಿದ್ದುವಾಗ ಕಡತ ಕಣ್ಣಿಗೆ ಕಾಣಬೇಕೆಂದು ತನಗೇನೂ ಅನಿಸುವುದಿಲ್ಲ ಎಂದರಂತೆ. ಕುಲೌರಿಸ್ ತಮ್ಮ ಎಡಿಟರ್‌ಗೆ ಇ-ಎಂ ಎಂದು ಹೆಸರಿಟ್ಟರು. ಅಂದರೆ ಹುಲುಮಾನವರ ಎಡಿಟರ್. ಇ-ಡಿ ದೇವಾನುದೇವತೆಗಳಿಗೇ ಇರಲಿ ಎಂಬ ಕೊಂಕು ಅದರೊಳಗಿತ್ತು.

1976ರ ಬೇಸಿಗೆಯಲ್ಲಿ ಕುಲೌರಿಸ್ ಇ-ಎಂ ಇದ್ದ ಟೇಪನ್ನು ಹಿಡಿದು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಅದನ್ನು ಕಂಡ ವಿದ್ಯಾರ್ಥಿಗಳಲ್ಲಿ ಒಬ್ಬ ಬಿಲ್ ಜಾಯ್. ಮುಂದೆ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ ಅವರು, ಆಗ ಚಕ್ ಹೇಲಿ ಜೊತೆ ಸೇರಿ ಇ-ಎಂ ಆಧಾರದ ಮೇಲೆ ಇ-ಎಕ್ಸ್ ಕಟ್ಟಿದರು. ಅದಕ್ಕೆ ಇಡೀ ಪರದೆ ತುಂಬ ಕಡತ ತೋರಿಸುವ ಬಗೆಯೊಂದು ಸೇರಿತು. ಅದೇ ವಿ-ಐ.

ಜಾಯ್ ಬಹಳಷ್ಟು ಕೆಲಸ ಮಾಡಿದ್ದು ಮನೆಯಿಂದ, 300 ಬಾಡ್ ಮೋಡೆಮ್ ಮೂಲಕ. ಸೆಕೆಂಡಿಗೆ ಸುಮಾರು 30 ಅಕ್ಷರ ಎಂದಿಟ್ಟುಕೊಳ್ಳಿ. ಎಡಿಎಂ-3ಎ ಪರದೆಯಲ್ಲಿ 24 ಸಾಲು, ಸಾಲಿಗೆ 80 ಅಕ್ಷರ, ಒಟ್ಟು 1920. ಪರದೆ ಒಮ್ಮೆ ತುಂಬಲು ಒಂದು ನಿಮಿಷಕ್ಕೂ ಮಿಕ್ಕಿ ಕಾಯಬೇಕು. ವಿ-ಐಯ ವಿಚಿತ್ರಗಳೆಲ್ಲ ಈ ಲೆಕ್ಕದಲ್ಲಿ ಅಡಗಿವೆ. ಡಿ ಎಂದರೆ ಅಳಿಸು, ಡಬ್ಲ್ಯು ಎಂದರೆ ಪದ. ಎರಡೂ ಸೇರಿದರೆ ಪದ ಅಳಿಸು. ನಡುವೆ 3 ಸೇರಿಸಿದರೆ ಮೂರು ಪದ ಮಾಯ. ಅಕ್ಷರದ ಕೀಲಿಗಳೇ ಆಜ್ಞೆಗಳಾದ್ದರಿಂದ, ನಿಜವಾಗಿ ಅಕ್ಷರ ಬರೆಯಬೇಕಾದರೆ ಮೊದಲು ಬರೆಯುವ ಸ್ಥಿತಿಗೆ ಹೋಗಬೇಕು, ಮುಗಿದ ಮೇಲೆ ಎಸ್ಕೇಪ್ ಒತ್ತಿ ಹಿಂದಿರುಗಬೇಕು. ಎಡಿಎಂ-3ಎಯಲ್ಲಿ ಎಸ್ಕೇಪ್ ಇದ್ದದ್ದು ಈಗಿನ ಟ್ಯಾಬ್ ಕೀಲಿಯ ಜಾಗದಲ್ಲಿ, ಕಿರುಬೆರಳಿಗೆ ಹತ್ತಿರ. ಈಗಿನ ಕೀಲಿಮಣೆಯಲ್ಲಿ ಅದು ಮೂಲೆಗೆ ಸರಿದಿದೆ. ಭಕ್ತರು ಅಲ್ಲಿಗೂ ಕೈ ಚಾಚುತ್ತಾರೆ. ಹೊಸಬರಿಗೆ ಹೊರಬರುವ ದಾರಿಯೇ ಸಿಗುವುದಿಲ್ಲ. ವಿ-ಐಯ ವಂಶಜ ವಿಮ್‌ನಿಂದ ಹೊರಬರುವುದು ಹೇಗೆ ಎಂಬ ಪ್ರಶ್ನೆಯನ್ನು ಹತ್ತು ಲಕ್ಷಕ್ಕೂ ಹೆಚ್ಚು ಸಲ ನೋಡಲಾಗಿದೆ ಎಂದು ಸ್ಟ್ಯಾಕ್ ಓವರ್‌ಫ್ಲೋ ತಾಣ 2017ರಲ್ಲಿ ತಮಾಷೆಯಾಗಿ ಹೇಳಿಕೊಂಡಿತು.

ಅದೇ 1976ರಲ್ಲಿ, ದೇಶದ ಇನ್ನೊಂದು ತುದಿಯ ಎಂಐಟಿಯಲ್ಲಿ ಕಷ್ಟವೇ ಬೇರೆ ಬಗೆಯದು. ಅಲ್ಲಿನ ಕೃತಕ ಬುದ್ಧಿಮತ್ತೆ ಲ್ಯಾಬಿನವರು ಪಿಡಿಪಿ-10 ಯಂತ್ರಕ್ಕೆ ನೇರ ಜೋಡಿಸಿದ ಟರ್ಮಿನಲ್‌ಗಳ ಮುಂದೆ ಕೂರುತ್ತಿದ್ದರು. ಪರದೆ ತುಂಬಲು ಕಾಯಬೇಕಿರಲಿಲ್ಲ. ಅವರ ಎಡಿಟರ್ ಟೀಕೋ, 1960ರ ದಶಕದ ಆರಂಭದಲ್ಲಿ ಡ್ಯಾನ್ ಮರ್ಫಿ ಪೇಪರ್ ಟೇಪ್ ತಿದ್ದಲೆಂದು ಬರೆದದ್ದು. ಅದರ ಭಾಷೆ ಎಷ್ಟು ಗಹನವೆಂದರೆ, ತಮ್ಮ ಹೆಸರನ್ನೇ ಆಜ್ಞೆಯಾಗಿ ಕೊಟ್ಟರೆ ಕಡತಕ್ಕೆ ಏನು ಗತಿ ಎಂದು ಊಹಿಸುವುದು ಒಂದು ಆಟವಾಗಿತ್ತು. ಅದರ ಮೇಲೆ ಪ್ರತಿಯೊಬ್ಬರೂ ತಮ್ಮದೇ ಮ್ಯಾಕ್ರೋಗಳನ್ನು ಹೆಣೆದುಕೊಂಡದ್ದರಿಂದ ಒಬ್ಬರ ಟರ್ಮಿನಲ್‌ನಲ್ಲಿ ಇನ್ನೊಬ್ಬರಿಗೆ ಒಂದು ಸಾಲು ತಿದ್ದಲೂ ಬರುತ್ತಿರಲಿಲ್ಲ. ಗೈ ಸ್ಟೀಲ್ ಈ ಆಜ್ಞೆಗಳನ್ನೆಲ್ಲ ಒಂದು ಕ್ರಮಕ್ಕೆ ತರಲು ಹೊರಟರು, ರಿಚರ್ಡ್ ಸ್ಟಾಲ್ಮನ್ ಅದನ್ನು ಮುಂದುವರಿಸಿ ಇಮ್ಯಾಕ್ಸ್ ಕಟ್ಟಿದರು.

ಇಮ್ಯಾಕ್ಸ್‌ನಲ್ಲಿ ಅಕ್ಷರ ಒತ್ತಿದರೆ ಅಕ್ಷರವೇ ಬೀಳುತ್ತದೆ. ಆಜ್ಞೆ ಬೇಕಾದರೆ ಕಂಟ್ರೋಲ್, ಮೆಟಾ ಕೀಲಿಗಳನ್ನು ಅದುಮಿ ಹಿಡಿಯಬೇಕು. ಎಂಐಟಿಯಲ್ಲಿ ಹುಟ್ಟಿದ ಲಿಸ್ಪ್ ಯಂತ್ರಗಳ ಕೀಲಿಮಣೆಯಲ್ಲಿ ಕಂಟ್ರೋಲ್ ಇದ್ದದ್ದು ಸ್ಪೇಸ್‌ಬಾರ್ ಪಕ್ಕದಲ್ಲಿ, ಹೆಬ್ಬೆರಳಿಗೆ ಎಟುಕುವಂತೆ. ಪಿಸಿಗಳಲ್ಲಿ ಅದು ಕೆಳಮೂಲೆಗೆ ಹೋಯಿತು, ಭಾರ ಕಿರುಬೆರಳಿಗೆ ಬಿತ್ತು. ಇಮ್ಯಾಕ್ಸ್ ಬಳಸುವವರ ಕಿರುಬೆರಳ ನೋವಿನ ಮೂಲ ಇದೇ.

ಬೆರಳ ನೋವಿಗಿಂತ ದೊಡ್ಡ ಜಗಳವೊಂದೂ ಇಲ್ಲಿ ಹುಟ್ಟಿತು. ಮಾಡಿದ ಸುಧಾರಣೆಗಳನ್ನೆಲ್ಲ ಮರಳಿ ಕೊಡಬೇಕು ಎಂಬ ಷರತ್ತಿನ ಮೇಲೆ ಸ್ಟಾಲ್ಮನ್ ಇಮ್ಯಾಕ್ಸ್ ಹಂಚುತ್ತಿದ್ದರು. ಮುಂದೆ ಜಾವಾ ರೂಪಿಸಿದ ಜೇಮ್ಸ್ ಗಾಸ್ಲಿಂಗ್ 1981ರಲ್ಲಿ ಯುನಿಕ್ಸ್‌ಗೆ ಬೇರೊಂದು ಇಮ್ಯಾಕ್ಸ್ ಬರೆದರು, ಅದು ಆಮೇಲೆ ಯುನಿಪ್ರೆಸ್ ಕಂಪನಿಯ ಪಾಲಾಯಿತು. ಅದರ ಕೋಡನ್ನು ಸ್ವಲ್ಪ ಬಳಸಿದ್ದ ಸ್ಟಾಲ್ಮನ್, ಕಂಪನಿಯ ಆಕ್ಷೇಪದಿಂದಾಗಿ, ಆ ಭಾಗವನ್ನು ಕಿತ್ತು ಹೊಸದಾಗಿ ಬರೆಯಬೇಕಾಯಿತು. 1985ರಲ್ಲಿ ಹೊರಬಂದ ಗ್ನೂ ಇಮ್ಯಾಕ್ಸ್‌ಗೆ ಅವರು ಬರೆದ ಪರವಾನಗಿಯೇ ಬೆಳೆದು 1989ರಲ್ಲಿ ಜಿಪಿಎಲ್ ಆಯಿತು. ಲಿನಕ್ಸ್ ಇಂದು ಹಂಚಿಕೆಯಾಗುತ್ತಿರುವುದು ಆ ಪರವಾನಗಿಯ ಅಡಿಯಲ್ಲೇ.

ವಿ-ಐಯ ಪಾಡು ತದ್ವಿರುದ್ಧ. 1978ರ ಕೊನೆಗೆ ಜಾಯ್ ಅದಕ್ಕೆ ಹಲವು ಕಿಟಕಿಗಳನ್ನು ಸೇರಿಸುತ್ತಿದ್ದಾಗ ಟೇಪ್ ಡ್ರೈವ್ ಕೆಟ್ಟಿತ್ತು, ನಕಲು ಪ್ರತಿ ಇರಲಿಲ್ಲ, ಕೋಡ್ ಹಾಳಾಯಿತು. ಕಿಟಕಿಗಳ ಕೆಲಸವನ್ನು ಅವರು ಅಲ್ಲಿಗೇ ಕೈಬಿಟ್ಟರು. ವಿ-ಐಯೊಳಗೆ ಇ-ಡಿಯ ಅಂಶವಿದ್ದುದರಿಂದ ಬೆಲ್ ಲ್ಯಾಬ್ಸ್‌ನ ಒಡೆಯ ಎಟಿ ಅಂಡ್ ಟಿ ಕಂಪನಿಯ ಪರವಾನಗಿ ಇಲ್ಲದವರಿಗೆ ಮೂಲ ಕೋಡ್ ಸಿಗುತ್ತಿರಲಿಲ್ಲ. ಸಿಗದಿದ್ದವರು ಅನುಕರಣೆಗಳನ್ನು ಬರೆದರು. ಅಟಾರಿ ಯಂತ್ರಕ್ಕೆ ಬರೆದಿದ್ದ ಸ್ಟೀವಿ ಎಂಬ ಅನುಕರಣೆ ಅಮಿಗಾ ಕಂಪ್ಯೂಟರ್‌ಗೂ ಬಂದಿತ್ತು, ಅದನ್ನು ನೆದರ್ಲೆಂಡ್ಸ್‌ನ ಬ್ರಾಮ್ ಮೂಲೆನಾರ್ ತಮ್ಮ ಅಮಿಗಾದಲ್ಲಿ ಬೆಳೆಸಿದರು. 1991ರಲ್ಲಿ ಅದು ವಿಮ್ ಎಂದು ಹೊರಬಂತು. ಹಣ ಕೊಡುವ ಮನಸ್ಸಿದ್ದರೆ ಉಗಾಂಡದ ಕಿಬಾಲೆಯ ಮಕ್ಕಳಿಗೆ ಕೊಡಿ ಎಂದು ಪ್ರೋಗ್ರಾಮ್ ತೆರೆದಾಗಲೇ ಕೇಳುತ್ತಿದ್ದ ಅವರು, 2023ರ ಆಗಸ್ಟ್‌ನಲ್ಲಿ ತೀರಿಕೊಳ್ಳುವವರೆಗೂ ಅದರ ಉಸ್ತುವಾರಿ ಬಿಡಲಿಲ್ಲ.

ಇತ್ತ ಯುನಿಕ್ಸ್ ಬಗೆಯ ವ್ಯವಸ್ಥೆಗಳಿಗೆಂದು ರೂಪಿಸಿದ ಪಾಸಿಕ್ಸ್ ಮಾನದಂಡದಲ್ಲಿ ವಿ-ಐಗೆ ಜಾಗ ಸಿಕ್ಕಿತು. ಬೆಂಗಳೂರಿನಲ್ಲಿ ಕೂತು ಯಾವುದೋ ಖಂಡದ ಸರ್ವರ್‌ಗೆ ಲಾಗಿನ್ ಆಗುವ ಸಿಸ್ಟಮ್ ಅಡ್ಮಿನ್‌ಗೆ ಇನ್ನೇನು ಇಲ್ಲದಿದ್ದರೂ ವಿ-ಐ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅನೇಕರು ಅದನ್ನು ಕಲಿತದ್ದು ಇಷ್ಟಪಟ್ಟಲ್ಲ, ವಿಧಿಯಿಲ್ಲದೆ. ಕಲಿತ ಮೇಲೆ ಬಿಡಲಾಗಲಿಲ್ಲ. 2015ರಲ್ಲಿ ಬಂದ ವಿಷುವಲ್ ಸ್ಟುಡಿಯೋ ಕೋಡ್ ಈಗ ಬಹುಸಂಖ್ಯಾತರ ಎಡಿಟರ್. ಅದಕ್ಕೆ ವಲಸೆ ಹೋದವರಲ್ಲೂ ವಿಮ್‌ನ ಕೀಲಿಗಳನ್ನು ಎಕ್ಸ್‌ಟೆನ್ಷನ್ ರೂಪದಲ್ಲಿ ಕಟ್ಟಿಕೊಂಡು ಹೋದವರಿದ್ದಾರೆ.

80 ಅಂಕಣ, 24 ಸಾಲುಗಳ ಆ ಚೌಕಳಿಯಿಂದ ಕನ್ನಡಕ್ಕೊಂದು ತೊಡಕೂ ಬಂತು. ಇಂದಿನ ಕಂಪ್ಯೂಟರ್‌ಗಳಲ್ಲಿ ಬರೀ ಕಿಟಕಿಯಾಗಿ ಉಳಿದಿರುವ ಟರ್ಮಿನಲ್ ಕೂಡ ಒಂದು ಮನೆಗೆ ಒಂದು ಅಕ್ಷರ ಎಂದೇ ಎಣಿಸುತ್ತದೆ. ‘ಸ್ತ್ರೀ’ ಎಂಬುದು ನಮ್ಮ ಕಣ್ಣಿಗೆ ಒಂದು ಅಕ್ಷರ, ಯುನಿಕೋಡ್‌ನಲ್ಲಿ ಆರು ಸಂಕೇತ. ಅದು ಎಷ್ಟು ಮನೆ ಹಿಡಿಯಬೇಕು ಎಂಬ ಬಗ್ಗೆ ಎಡಿಟರ್‌ಗೂ ಟರ್ಮಿನಲ್‌ಗೂ ಒಮ್ಮತವಿಲ್ಲದಿದ್ದರೆ ಒತ್ತಕ್ಷರ ಕಳಚಿ ಬೀಳುತ್ತದೆ, ಕರ್ಸರ್ ಎಲ್ಲೋ ನಿಲ್ಲುತ್ತದೆ. ದಿನನಿತ್ಯದ ಕನ್ನಡ ಬರವಣಿಗೆ ಈ ಟರ್ಮಿನಲ್‌ಗಳ ಹಾದಿ ಹಿಡಿಯಲೇ ಇಲ್ಲ. ಅದು ನಡೆದದ್ದು 1998ರಲ್ಲಿ ಶೇಷಾದ್ರಿವಾಸು ಹೊರತಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿಯಂಥ ವಿಂಡೋಸ್ ತಂತ್ರಾಂಶಗಳಲ್ಲಿ. ತನ್ನದೇ ಕಿಟಕಿಯಲ್ಲಿ ಅಕ್ಷರ ಬಿಡಿಸುವ ಇಮ್ಯಾಕ್ಸ್‌ಗೆ 2020ರ 27ನೇ ಆವೃತ್ತಿಯಲ್ಲಿ ಹಾರ್ಫ್‌ಬಜ್ ಎಂಬ ಅಕ್ಷರ ಜೋಡಣೆಯ ಸಲಕರಣೆ ಸೇರಿತು. ಜಗತ್ತಿನ ಭಾಷೆಗಳ ವಂದನೆಗಳನ್ನು ಪಟ್ಟಿ ಮಾಡಿದ ಕಡತವೊಂದು ಅದರೊಂದಿಗೇ ಬರುತ್ತದೆ, ಅದರಲ್ಲಿ ಕನ್ನಡದ ‘ನಮಸ್ಕಾರ’ವೂ ಇದೆ. ಟರ್ಮಿನಲ್‌ನಲ್ಲೇ ವಿಮ್ ಬಳಸಿ ಪಳಗಿದವರಿಗೆ ಮಾತ್ರ, ಕನ್ನಡ ಅನುವಾದದ ಕಡತ ತಿದ್ದಬೇಕಾದಾಗ ಎರಡನೆಯ ಎಡಿಟರ್ ಒಂದು ಬೇಕಾಗಬಹುದು.