ಮೂರು ಫ್ಲಾಪಿ ಮತ್ತು ಒಂದು ಆಯ್ಕೆಯ ಪುಟ

ನಮ್ಮ ಅತ್ತೆಯವರಿಗೆ ಅಕ್ಷರ ಬರುತ್ತಿರಲಿಲ್ಲ, ಹಾಡು ಬರುತ್ತಿತ್ತು. ಕುಂದಗೋಳದ ಕಡೆಯ ಹಳ್ಳಿಯೊಂದರಿಂದ ಅಣ್ಣಿಗೇರಿಗೆ ಸೊಸೆಯಾಗಿ ಬಂದಾಗ ಅವರ ಜೊತೆ ಬಂದದ್ದು ಒಂದು ಟ್ರಂಕು, ನಾಲ್ಕು ಇಳಕಲ್ಲ ಸೀರೆ ಮತ್ತು ಲೆಕ್ಕವಿಲ್ಲದಷ್ಟು ಬೀಸುವ ಪದ. ನಾನು ಆ ಮನೆಗೆ ಕಾಲಿಡುವ ಹೊತ್ತಿಗೆ ಊರಿಗೆ ಹಿಟ್ಟಿನ ಗಿರಣಿ ಬಂದು ಎಷ್ಟೋ ವರ್ಷಗಳಾಗಿದ್ದವು. ಬೀಸುಕಲ್ಲು ಹಿತ್ತಲಿನ ಮೂಲೆ ಸೇರಿತ್ತು. ಆದರೂ ಜೋಳ ಹಸನು ಮಾಡುವಾಗ ಮೊರದ ಸಪ್ಪಳಕ್ಕೇ ಅತ್ತೆ ಪದ ಎತ್ತುತ್ತಿದ್ದರು.

1998ರ ಬೇಸಿಗೆ ಸೂಟಿಯಲ್ಲಿ ಇನ್ನೂರು ಪುಟದ ನೋಟುಬುಕ್ಕು ಹಿಡಿದು ಅವರ ಎದುರು ಕುಳಿತೆ. “ಇದನ್ನೇನ್ ಬರಕೋತೀಯವಾ, ನಿನಗ ಬ್ಯಾರೆ ಕೆಲಸಿಲ್ಲೇನು?” ಎಂದು ಬೈದರು. ಬೈಯುತ್ತಲೇ ಹಾಡಿದರು. ಶಾಲೆ ಶುರುವಾಗುವುದರೊಳಗೆ 140 ಪದ ಕೂಡಿದವು. 1931ರಲ್ಲಿ ಹಲಸಂಗಿ ಗೆಳೆಯರು ‘ಗರತಿಯ ಹಾಡು’ ಅಚ್ಚು ಹಾಕಿಸಿದ್ದರು. ನಮ್ಮ ಅತ್ತೆಯದೂ ಒಂದು ಸಣ್ಣ ಪುಸ್ತಕವಾಗಲಿ ಎಂಬ ಆಸೆ ನನಗೆ. ಹುಬ್ಬಳ್ಳಿಯ ಒಂದು ಡಿ.ಟಿ.ಪಿ. ಅಂಗಡಿಗೆ ನೋಟುಬುಕ್ಕು ಕೊಟ್ಟು ಬಂದೆ. ತಿಂಗಳ ಮೇಲೆ ಮೂರು ಫ್ಲಾಪಿ ಕೊಟ್ಟರು. ತಿದ್ದಿ ಕೊಡಿ ಎಂದು ಹನ್ನೆರಡು ಹಾಳೆ ಕರಡನ್ನೂ ಕೊಟ್ಟರು. ಆ ವರ್ಷ ಮನೆಯ ಖರ್ಚು ಬೇರೆ ದಾರಿ ಹಿಡಿಯಿತು, ಪುಸ್ತಕ ಹಿಂದೆ ಬಿತ್ತು. ನೋಟುಬುಕ್ಕನ್ನು ಕೇಳಿ ಮರಳಿ ತರುವ ಬುದ್ಧಿ ನನಗೆ ಹುಟ್ಟಲಿಲ್ಲ. ಹಾಡೆಲ್ಲ ಫ್ಲಾಪಿಯಲ್ಲಿ ಇವೆಯಲ್ಲ, ಇನ್ನೇನು ಚಿಂತೆ? 2001ರಲ್ಲಿ ಅತ್ತೆ ಹೋದರು.

ಹನ್ನೊಂದು ವರ್ಷ ಆ ಫ್ಲಾಪಿಗಳು ಅರಿಷಿಣ-ಕುಂಕುಮದ ಪೆಟ್ಟಿಗೆಯ ಪಕ್ಕ ಸುಖವಾಗಿ ಕುಳಿತಿದ್ದವು. 2012ರಲ್ಲಿ, ಕಂಪ್ಯೂಟರ್ ಕಲಿತ ನನ್ನ ತಂಗಿಯ ಮಗಳು ರಜೆಗೆ ಬಂದವಳು ಅವನ್ನು ಕಂಡಳು. ಎಲ್ಲಿಂದಲೋ ಫ್ಲಾಪಿ ಓದುವ ಯಂತ್ರವೊಂದನ್ನು ತಂದು ಜೋಡಿಸಿದಳು. ಪರದೆಯ ಮೇಲೆ ಬಂದದ್ದು ಕನ್ನಡವಲ್ಲ, ಇಂಗ್ಲಿಷೂ ಅಲ್ಲ. ಕೊಂಬು, ಬಾಲ, ಚುಕ್ಕೆ ಹಚ್ಚಿದ ಪರಕೀಯ ಅಕ್ಷರಗಳ ರಾಶಿ. “ದೊಡ್ಡವ್ವಾ, ಇದು ಯಾವ ಫಾಂಟು?” ಎಂದಳು. ನನಗೇನು ಗೊತ್ತು? ಅಂಗಡಿ ಮುಚ್ಚಿ ಅಲ್ಲಿ ಮೊಬೈಲ್ ರಿಪೇರಿಯವರು ಬಂದಿದ್ದರು.

ಇದು ಹೇಗಾಯಿತು ಎಂಬುದನ್ನು ಅವಳು ನನಗೆ ಅಡಿಗೆಮನೆಯಲ್ಲೇ ನಿಂತು ತಿಳಿಸಿದಳು. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ನಮ್ಮ ಮನೆಯ ಮಾಡದಲ್ಲಿ ಮೂರನೆಯ ಡಬ್ಬಿ ಸಕ್ಕರೆಯದು. “ಮೂರನೇ ಡಬ್ಬಿಯಿಂದ ಎರಡು ಚಮಚ ಹಾಕು” ಎಂದು ಬರೆದಿಟ್ಟರೆ ನಮ್ಮನೆಯಲ್ಲಿ ಚಹಾ ಆಗುತ್ತದೆ. ಅದೇ ಚೀಟಿಯನ್ನು ಬೀಗರ ಮನೆಗೆ ಒಯ್ದರೆ, ಅಲ್ಲಿ ಮೂರನೆಯ ಡಬ್ಬಿಯಲ್ಲಿ ಉಪ್ಪು! ಆಗಿನ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಡಬ್ಬಿಗಳಲ್ಲೇ ಕನ್ನಡದ ತುಂಡುಗಳನ್ನು ತುಂಬಿದ್ದವು, ಒಂದೊಂದು ಕಂಪನಿ ಒಂದೊಂದು ರೀತಿ. ಎಲ್ಲ ಲಿಪಿಗಳಿಗೂ ಸ್ವಂತ ಡಬ್ಬಿ ಕೊಡುವ ಯೂನಿಕೋಡ್ 1991ರಲ್ಲೇ ಹೊರಬಂದಿತ್ತು, ಅದರಲ್ಲಿ ಕನ್ನಡವೂ ಇತ್ತು. ಆದರೆ ನಮ್ಮಂಥವರ ಕಂಪ್ಯೂಟರಿಗೆ ಅದು ಇಳಿದು ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿ ನಂತರ.

ನಡುವಿನ ಆ ಹತ್ತು ವರ್ಷಗಳಲ್ಲಿ ಕನ್ನಡಕ್ಕಾಗಿ ದುಡಿದವರು ಕಡಿಮೆ ಇರಲಿಲ್ಲ. ಬೆರಳಚ್ಚು ಯಂತ್ರಕ್ಕೆ ಅನಂತ ಸುಬ್ಬರಾಯರು ಕೀಲಿಮಣೆ ಹೊಂದಿಸಿದ್ದರು. ಕಂಪ್ಯೂಟರಿಗೆ ಕೆ.ಪಿ. ರಾವ್ ಅವರು ಇಂಗ್ಲಿಷಿನ ಇಪ್ಪತ್ತಾರೇ ಕೀಲಿಗಳಲ್ಲಿ ಕನ್ನಡವನ್ನೆಲ್ಲ ಕೂಡಿಸಿದರು. ‘ಕ’ ಇದ್ದ ಕೀಲಿಯಲ್ಲೇ ಶಿಫ್ಟ್ ಒತ್ತಿದರೆ ‘ಖ’, ಒತ್ತಕ್ಷರ ಬೇಕಾದರೆ ನಡುವೆ ‘ಎಫ್’. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಬಹಳ ವರ್ಷ ಪುಕ್ಕಟೆಯಾಗಿ ಸಿಕ್ಕಿತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’, ಸರ್ಕಾರದ ಬೆಂಬಲದೊಂದಿಗೆ. ಅದರಲ್ಲಿ ರಾವ್ ಅವರ ಕೀಲಿಮಣೆಯೂ ಉಂಟು, ಹಳೆಯ ಟೈಪಿಂಗಿನವರಿಗೆ ಟೈಪ್‌ರೈಟರ್ ಕೀಲಿಮಣೆಯೂ ಉಂಟು, ಬೇಕಾದ್ದು ಆರಿಸಿಕೊಳ್ಳಬೇಕು. ನಮ್ಮ ಕಡೆ ಇದರ ಬಗ್ಗೆ ಜಗಳವೇ ನಡೆಯುತ್ತಿತ್ತು. ಟೈಪಿಂಗ್ ಪರೀಕ್ಷೆ ಪಾಸಾದ ನನ್ನ ಗೆಳತಿಯೊಬ್ಬಳಿಗೆ ಹೊಸದೆಂದರೆ ಬೆರಳೇ ಓಡುತ್ತಿರಲಿಲ್ಲ, ಅವಳ ಮಗಳಿಗೆ ಹಳೆಯದೆಂದರೆ ನಗು. ಇಬ್ಬರೂ ತಮ್ಮದೇ ಸರಿ ಎನ್ನುತ್ತಿದ್ದರು. ನನಗೆ ಈಗ ಅನ್ನಿಸುತ್ತದೆ: ಬೆರಳು ಎಲ್ಲಿ ಇಡಬೇಕು ಎಂದು ನಾವು ಅಷ್ಟು ಕಾದಾಡಿದೆವು, ಬರೆದದ್ದು ಎಲ್ಲಿ ಹೋಗಿ ಕೂಡುತ್ತದೆ ಎಂದು ಒಬ್ಬರೂ ಕೇಳಲಿಲ್ಲ.

ನಮ್ಮನ್ನು ಉಳಿಸಿದ್ದು ಆ ಹನ್ನೆರಡು ಹಾಳೆ ಕರಡು. ಹುಡುಗಿ ಹಾಳೆಯ ಮೇಲಿನ ಕನ್ನಡವನ್ನೂ ಪರದೆಯ ಮೇಲಿನ ಪಿಶಾಚಿ ಅಕ್ಷರಗಳನ್ನೂ ಎದುರುಬದುರು ಇಟ್ಟು, ಯಾವ ಡಬ್ಬಿಯಲ್ಲಿ ಏನಿದೆ ಎಂದು ಪಟ್ಟಿ ಮಾಡಿದಳು. ಎಂಟು ದಿನ ಹಿಡಿಯಿತು. ಆ ಪಟ್ಟಿಯ ಮೇಲೆ ಸಣ್ಣದೊಂದು ಪ್ರೋಗ್ರಾಮು ಬರೆದು ಓಡಿಸಿದಾಗ ಅತ್ತೆಯ ಪದಗಳು ಕುಂಟುತ್ತ ಹೊರಬಂದವು. ಕುಂಟು ಅರ್ಕಾವತ್ತಿನದು. ಹಳೆಯ ಫಾಂಟುಗಳಲ್ಲಿ ಕಣ್ಣಿಗೆ ಕಾಣುವಂತೆ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಉಚ್ಚಾರದಂತೆ ‘ರ’ ಮೊದಲು. ಹೀಗಾಗಿ ವರ್ಷ, ದರ್ಪಣ, ಕರ್ಪೂರ ಎಲ್ಲ ಕೆಟ್ಟು ಕೂತಿದ್ದವು. ನಾನು ಒಂದೊಂದನ್ನೂ ತಿದ್ದಿದೆ. ತಿದ್ದಲು ಬಂದದ್ದು ಅತ್ತೆಯ ದನಿ ಕಿವಿಯಲ್ಲಿ ಇನ್ನೂ ಇದ್ದುದರಿಂದ. ಮೂರನೆಯ ಫ್ಲಾಪಿ ಮಾತ್ರ ಕೊನೆತನಕ ಬಾಯಿ ಬಿಡಲಿಲ್ಲ. ಅದರಲ್ಲಿ 31 ಪದ ಇದ್ದವು. ನೆನಪಿನಿಂದ 19 ಬರೆದೆ, ಕೆಲವು ಅರ್ಧಮರ್ಧ. ಉಳಿದ 12 ಹೋದವು.

ಇನ್ನು ಪುಸ್ತಕದ ದಾರಿ ಕಾಯಬಾರದು, ಒಂದು ವೆಬ್‌ಸೈಟ್ ಮಾಡೋಣ ಎಂದಳು ಹುಡುಗಿ. 2013ರಲ್ಲಿ ಮಾಡಿಯೂ ಬಿಟ್ಟಳು. ಅದು ವರ್ಡ್‌ಪ್ರೆಸ್ಸಿನಲ್ಲಿ ಕಟ್ಟಿದ್ದು. ಇದರ ಕಥೆ ಕೇಳಿ ನನಗೆ ಆಶ್ಚರ್ಯವಾಯಿತು. 2003ರಲ್ಲಿ ಮ್ಯಾಟ್ ಮುಲ್ಲೆನ್‌ವೆಗ್, ಮೈಕ್ ಲಿಟ್ಲ್ ಎಂಬಿಬ್ಬರು, ಯಾರೋ ಅರ್ಧಕ್ಕೆ ಬಿಟ್ಟ ತಂತ್ರಾಂಶವೊಂದನ್ನು ಮುಂದುವರಿಸಿ ಇದನ್ನು ಹೊರತಂದರಂತೆ. ಯಾರು ಬೇಕಾದರೂ ಬಳಸಬಹುದು, ಬದಲಿಸಬಹುದು, ದುಡ್ಡಿಲ್ಲ. ಇದರಲ್ಲಿ ಬರಹ ಒಂದು ಕಡೆ ಇರುತ್ತದೆ, ಅದರ ಉಡುಗೆ-ತೊಡುಗೆ ಬೇರೆ. ಆ ಉಡುಗೆಗೆ ‘ಥೀಮ್’ ಎನ್ನುತ್ತಾರೆ. ಬೇಕಾದ ಕೆಲಸಕ್ಕೆ ಮೇಲಿಂದ ಜೋಡಿಸುವ ಸಣ್ಣ ತುಣುಕಿಗೆ ‘ಪ್ಲಗಿನ್’.

ನಮ್ಮ ಥೀಮಿನ ಜೊತೆ ಇದ್ದ ಒಂದು ಪ್ಲಗಿನ್ನಿನ ಹೆಸರು ‘ಆಪ್ಷನ್ಸ್ ಫ್ರೇಮ್‌ವರ್ಕ್’. ಅಮೆರಿಕದ ಡೆವಿನ್ ಪ್ರೈಸ್ ಎಂಬವರು 2010-11ರ ಹೊತ್ತಿಗೆ ಮಾಡಿದ್ದು. ಇದು ನಮ್ಮಂಥವರಿಗಾಗಿ ಮಾಡಿದ್ದಲ್ಲ, ಥೀಮ್ ಹೊಲಿಯುವ ದರ್ಜಿಗಳಿಗಾಗಿ. ಗಿರಾಕಿಗೆ ಏನೇನು ಆರಿಸಲು ಬಿಡಬೇಕು, ಬಣ್ಣವೋ, ಮೇಲಿನ ಚಿತ್ರವೋ, ಅಕ್ಷರದ ಗಾತ್ರವೋ, ಎಂದು ದರ್ಜಿ ಒಂದು ಕಡತದಲ್ಲಿ ಪಟ್ಟಿ ಬರೆದರೆ ಸಾಕು, ಪ್ಲಗಿನ್ ತಾನೇ ಅಂದವಾದ ಆಯ್ಕೆಯ ಪುಟವೊಂದನ್ನು ತೆರೆದು ಕೊಡುತ್ತದೆ. ಅದಕ್ಕೆ ಮುಂಚೆ ಪ್ರತಿಯೊಬ್ಬ ದರ್ಜಿಯೂ ಆ ಪುಟವನ್ನು ಮೊದಲಿನಿಂದ ತಾನೇ ಬರೆಯಬೇಕಿತ್ತು, ಒಂದೊಂದು ಥೀಮಿನಲ್ಲಿ ಒಂದೊಂದು ಥರ. ಬಳಸಿದವರು ಬಹಳ ಮೆಚ್ಚಿಕೊಂಡರು. ಕೆಲಸ ಹಗುರವಾಯಿತು, ಹಣ ಕೇಳುವುದಿಲ್ಲ, ಮಾರುವ ಥೀಮಿನಲ್ಲೂ ಸೇರಿಸಬಹುದು ಎಂಬುದು ಅವರ ಸಂತೋಷ. ಮುನಿಸೂ ಇತ್ತು. ಬಣ್ಣ ಬದಲಿಸಿದರೆ ಸೈಟು ಹೇಗೆ ಕಾಣುತ್ತದೆ ಎಂಬುದು ಅಲ್ಲೇ ತೋರುವುದಿಲ್ಲ. ಉಳಿಸಬೇಕು, ಬೇರೆ ಪುಟಕ್ಕೆ ಹೋಗಿ ನೋಡಬೇಕು, ಸರಿಬರದಿದ್ದರೆ ಮತ್ತೆ ಮರಳಿ ಬರಬೇಕು. ಸೀರೆಯನ್ನು ಮೈಮೇಲೆ ಹಾಕಿ ನೋಡದೆ ಆರಿಸಿದಂತೆ. ಇನ್ನೊಂದು ದೊಡ್ಡ ಕೊರತೆ: ಪ್ಲಗಿನ್ ತೆಗೆದರೆ ಆಯ್ಕೆಯ ಪುಟವೂ ಮಾಯ. ಆರಿಸಿದ್ದನ್ನು ಥೀಮಿಗೆ ಹೇಳುವವರೇ ಇಲ್ಲವಾಗಿ ಅದು ತನ್ನ ಹುಟ್ಟುಬಣ್ಣಕ್ಕೆ ತಿರುಗುತ್ತದೆ.

ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಅಳುತ್ತಲೇ ಹೇಳುತ್ತಿದ್ದೆ. ಅದರ ಕಾರಣ ಕೆಳಗಿದೆ.

ಸೈಟಿನ ನೆತ್ತಿಯ ಮೇಲೆ ಜಮಖಾನೆಯ ಅಂಚಿನ ಚಿತ್ರ ಇರಲಿ ಎಂದು ನನಗಾಸೆ. ಅತ್ತೆ ಹಾಡಲು ಕೂಡುತ್ತಿದ್ದುದೇ ನವಲಗುಂದದ ಹಳೆಯ ಜಮಖಾನೆಯ ಮೇಲೆ. ಅದು ಹರಿದು ಹೋಗಿತ್ತು. ಹೊಸದನ್ನು ನೋಡಿ ಫೋಟೊ ತೆಗೆಯೋಣವೆಂದು ಇಬ್ಬರೂ ನವಲಗುಂದಕ್ಕೆ ಹೋದೆವು. ಆ ಜಮಖಾನೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅಲ್ಲಿ ನೇಯುವವರು ಹೆಂಗಸರು, ಮನೆಯೊಳಗೇ, ನಿಂತ ಮಗ್ಗದ ಮುಂದೆ ಕುಳಿತು. ಗೋಡೆಗೆ ಒರಗಿದ ಆ ಚೌಕಟ್ಟು ನೋಡಲು ಏನೂ ಅಲ್ಲ. ಅದರ ಮೇಲೆ ನವಿಲು ಕೂಡುತ್ತದೆ, ಪಗಡೆಯ ಹಾಸು ಬಿಚ್ಚಿಕೊಳ್ಳುತ್ತದೆ. ಹುಡುಗಿ ನೇಯುವಾಕೆಯನ್ನು ಕೇಳಿದಳು, “ಗಿರಾಕಿ ಏನೇನು ಹೇಳಬಹುದ್ರಿ?” ಆಕೆ ಎಳೆಯಿಂದ ಕಣ್ಣು ತೆಗೆಯದೆ ಹೇಳಿದರು: “ಅಳತಿ ಹೇಳ್ರಿ, ಬಣ್ಣ ಹೇಳ್ರಿ. ನವಿಲು ಹ್ಯಾಂಗ ಕೂಡಬೇಕು ಅನ್ನೂದು ನಂಗ ಬಿಡ್ರಿ.”

ದಾರಿಯಲ್ಲಿ ಹುಡುಗಿ ನಗುತ್ತ, “ದೊಡ್ಡವ್ವಾ, ವರ್ಡ್‌ಪ್ರೆಸ್ ಮಾಡಿದವರೂ ಇದನ್ನ ಹೇಳ್ತಾರ” ಎಂದಳು. ಬಳಸುವವರ ಮೇಲೆ ಆಯ್ಕೆಗಳ ಹೊರೆ ಹೊರಿಸಬೇಡಿ, ಮಾಡುವವರೇ ಯೋಚಿಸಿ ನಿರ್ಧರಿಸಿ ಎಂಬುದು ಅವರ ತತ್ವಗಳಲ್ಲಿ ಒಂದಂತೆ. ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ನವಲಗುಂದದ ಆಕೆ ನನ್ನ ಮುಖ ನೋಡಿ, ಮನೆ ಕೇಳಿ, ಪಡಸಾಲೆಯ ಅಳತೆ ಕೇಳಿ ನಿರ್ಧರಿಸುತ್ತಾಳೆ. ಅಮೆರಿಕದವರು ನನ್ನ ಪಡಸಾಲೆ ನೋಡಿದ್ದಾರೆಯೇ?

ಆಯ್ಕೆಯ ಪುಟದಲ್ಲಿ ಆ ಚಿತ್ರ ಏರಿಸಿ, ಜಮಖಾನೆಯ ಕೆಂಪಿಗೆ ಹೊಂದುವ ಕೆಂಪನ್ನು ಮೂರು ಸಂಜೆ ಹುಡುಕಿ ಆರಿಸಿದೆ. 2014ರ ಶ್ರಾವಣದಲ್ಲಿ ಒಂದು ದಿನ, ಹುಡುಗಿ ಊರಲ್ಲಿಲ್ಲ, ನಾನೇ ಅಕ್ಷರದ ಗಾತ್ರ ದೊಡ್ಡದು ಮಾಡಲು ಹೋಗಿ ಏನೋ ಕೆಡಿಸಿದೆ. ಪುಟದ ಕೆಳಗೆ ಎರಡು ಗುಂಡಿ. ಒಂದು ‘ಸೇವ್ ಆಪ್ಷನ್ಸ್’, ಇನ್ನೊಂದು ‘ರೀಸ್ಟೋರ್ ಡಿಫಾಲ್ಟ್ಸ್’. ಎಲ್ಲ ಇಂಗ್ಲಿಷು. ನನ್ನ ಹೈಸ್ಕೂಲು ಇಂಗ್ಲಿಷಿನಲ್ಲಿ ರೀಸ್ಟೋರ್ ಎಂದರೆ ಕಳೆದದ್ದನ್ನು ಮರಳಿ ಕೊಡುವುದು. ಒತ್ತಿದೆ. ಏನೋ ಎಚ್ಚರಿಕೆ ಬಂತು, ಪೂರ್ತಿ ಓದದೆ ಅದಕ್ಕೂ ಓಕೆ ಎಂದೆ. ಜಮಖಾನೆ ಹೋಯಿತು, ಕೆಂಪು ಹೋಯಿತು. ಯಾವುದೋ ಆಫೀಸಿನ ಗೋಡೆಯಂಥ ತಿಳಿನೀಲಿ ಬಂದು ಕೂತಿತು.

ಮತ್ತೊಮ್ಮೆ ಅತ್ತೆಯನ್ನು ಕಳೆದುಕೊಂಡೆ ಎಂದೇ ತಿಳಿದೆ. ಒಲೆಯ ಮೇಲಿನ ಸಾರು ಹೊತ್ತಿದ್ದೂ ಗೊತ್ತಾಗಲಿಲ್ಲ. ಫೋನಿನಲ್ಲಿ ಹುಡುಗಿ, “ಪದ ಅದಾವ ಏನು ನೋಡು ಮೊದಲ” ಎಂದಳು. ನೋಡಿದೆ. ಒಂದೂ ಕದಲಿರಲಿಲ್ಲ. ಪದಗಳ ಗೂಡು ಬೇರೆ, ಆಯ್ಕೆಗಳ ಗೂಡು ಬೇರೆ. ಆ ಗುಂಡಿ ಆಯ್ಕೆಯ ಗೂಡನ್ನಷ್ಟೇ ಬರಿದು ಮಾಡಿತ್ತು. ಪದಗಳು ಯೂನಿಕೋಡಿನಲ್ಲಿ ಇದ್ದುದರಿಂದ ಈ ಸೈಟೇ ಮುಳುಗಿದರೂ ಇನ್ನೊಂದರಲ್ಲಿ ಓದಬಹುದೆಂದೂ ಹೇಳಿದಳು. ಚಿತ್ರವನ್ನು ಅರ್ಧ ತಾಸಿನಲ್ಲಿ ಮತ್ತೆ ಏರಿಸಿದೆವು. ಕೆಂಪು ಮಾತ್ರ ಮೊದಲಿನದು ಸಿಗಲಿಲ್ಲ, ಅದರ ಸಂಖ್ಯೆಯನ್ನು ಬರೆದಿಟ್ಟಿರಲಿಲ್ಲ. ಈಗಿನ ಕೆಂಪಿನ ಸಂಖ್ಯೆ ಹಾಲಿನ ಲೆಕ್ಕದ ವಹಿಯ ಮೊದಲ ಪುಟದಲ್ಲಿದೆ.

ಆ ಪ್ಲಗಿನ್ನಿನ ಕಾಲ ಬೇಗ ಮುಗಿಯಿತು. ವರ್ಡ್‌ಪ್ರೆಸ್ಸಿನೊಳಗೇ 2012ರಲ್ಲಿ ‘ಕಸ್ಟಮೈಜರ್’ ಎಂಬುದು ಬಂದಿತ್ತು. ಅದರಲ್ಲಿ ಬಣ್ಣ ಬದಲಿಸಿದರೆ ಪಕ್ಕದಲ್ಲೇ ಸೈಟು ಬದಲಾಗಿ ಕಾಣುತ್ತದೆ. ಅವರ ಪುಕ್ಕಟೆ ಥೀಮುಗಳ ಭಂಡಾರದಲ್ಲಿ ಇನ್ನು ಮುಂದೆ ಆಯ್ಕೆಗಳಿಗೆಲ್ಲ ಅದನ್ನೇ ಬಳಸಬೇಕೆಂದು 2015ರಲ್ಲಿ ನಿಯಮವೂ ಆಯಿತು. ಆಗ ಬಳಕೆದಾರರಲ್ಲಿ ಎರಡು ಪಂಗಡ. ಒಳ್ಳೆಯದಾಯಿತು ಎಂದವರಿದ್ದರು, ಕಟ್ಟಿದ ಮನೆ ಬಿಚ್ಚಿ ಮತ್ತೆ ಕಟ್ಟು ಎಂದರೆ ಹೇಗೆ ಎಂದವರೂ ಇದ್ದರು. ಡೆವಿನ್ ಪ್ರೈಸ್ ಹಟ ಹಿಡಿಯಲಿಲ್ಲ. ಕಸ್ಟಮೈಜರಿಗೆ ನೆರವಾಗುವ ಸಾಮಗ್ರಿಯನ್ನು ತಾವೇ ಮಾಡಿ ಹಂಚಿದರು. ತನ್ನ ಕೈಯ ಕೆಲಸ ಹಳತಾಯಿತೆಂದು ಒಪ್ಪಿಕೊಳ್ಳುವ ಗಂಡಸರು ಕಡಿಮೆ, ಅದಕ್ಕೇ ಬರೆಯುತ್ತಿದ್ದೇನೆ.

2019ರಲ್ಲಿ ನಾವೂ ಥೀಮು ಬದಲಿಸಿದೆವು. ಹಳೆಯ ಪುಟದ ಆಯ್ಕೆಗಳು ಹೊಸದಕ್ಕೆ ತಾವಾಗಿ ಬರಲಿಲ್ಲ, ಎಲ್ಲವನ್ನೂ ಮತ್ತೆ ಆರಿಸಬೇಕಾಯಿತು. ಈ ಸಲ ನಾನು ಅಳಲಿಲ್ಲ. ವಹಿ ತೆಗೆದು ಕೂತೆ. ಜೊತೆಗೆ, ಸಿಕ್ಕ ಪದಗಳನ್ನೆಲ್ಲ ಕಾಗದದ ಮೇಲೆ ಮುದ್ರಿಸಿ, ಹೊಲಿಸಿ, ಅತ್ತೆಯ ಟ್ರಂಕಿನಲ್ಲಿ ಇಟ್ಟಿದ್ದೇನೆ. ಹುಡುಗಿ ನಕ್ಕಳು. ನಗಲಿ.

ಹೋದ ಹನ್ನೆರಡು ಪದಗಳ ಜಾಗವನ್ನು ಸೈಟಿನಲ್ಲಿ ಖಾಲಿಯೇ ಬಿಟ್ಟು, ನೆನಪಿದ್ದಷ್ಟು ಮೊದಲ ನುಡಿಯನ್ನು ಮಾತ್ರ ಹಾಕಿದ್ದೇವೆ. ಹೋದ ವರ್ಷ ಕಲಘಟಗಿಯಿಂದ ಒಬ್ಬ ಹಿರಿಯರು ಫೋನ್ ಮಾಡಿಸಿದರು. ಅವರಿಗೂ ಓದು ಬಾರದು, ಮೊಮ್ಮಗಳು ಓದಿ ಹೇಳಿದ್ದಳಂತೆ. “ಅದರಾಗಿನ ಒಂದು ಪದ ನಂಗ ಬರತೈತಿ ತಂಗೀ, ಬರಕೋ” ಎಂದು ಫೋನಿನಲ್ಲೇ ಹಾಡಿದರು. ಮೊದಲ ಸಾಲು ಅತ್ತೆಯದೇ. ಎರಡನೆಯದರಲ್ಲಿ ಅತ್ತೆ ತವರಿನ ಅಣ್ಣನನ್ನು ನೆನೆಯುತ್ತಿದ್ದ ನೆನಪು ನನಗೆ, ಇವರು ತವ್ವನ್ನು ನೆನೆದರು. ಯಾವುದನ್ನು ಇಡಬೇಕು ಎಂದು ಹುಡುಗಿ ಕೇಳಿದಳು. ಎರಡನ್ನೂ ಇಡು ಎಂದೆ. ಹಾಗೆ ಒಂದರ ಪಕ್ಕ ಒಂದು ಇಡಲು ಆ ಥೀಮಿನಲ್ಲಿ ಜಾಗವಿರಲಿಲ್ಲ. ಭಾನುವಾರ ಪೂರ್ತಿ ಕುಳಿತು ಅವಳು ಜಾಗ ಮಾಡಿದಳು.