ತಕ್ಕಡಿಯಲ್ಲಿ ಜಾಮೀನು

ಮಾದಕವಸ್ತು ಇಟ್ಟುಕೊಂಡು ಮೊದಲ ಸಲ ಸಿಕ್ಕಿಬಿದ್ದವರ ಜಾಮೀನು ಭಾರತದಲ್ಲಿ 1989ರವರೆಗೆ ಉಳಿದ ಕ್ರಿಮಿನಲ್ ಕೇಸುಗಳ ದಾರಿಯಲ್ಲೇ ಸಾಗುತ್ತಿತ್ತು. ಅಫೀಮಿಗೆ 1857 ಮತ್ತು 1878ರ ಕಾಯ್ದೆಗಳಿದ್ದವು. 1930ರಲ್ಲಿ ಅಪಾಯಕಾರಿ ಮಾದಕವಸ್ತುಗಳ ಕಾಯ್ದೆ ಬಂತು. ಗಾಂಜಾ ಬಹುಮಟ್ಟಿಗೆ ಅಬಕಾರಿ ಇಲಾಖೆಯ ಸರಕು. ಕರ್ನಾಟಕದ 1965ರ ಅಬಕಾರಿ ಕಾಯ್ದೆಯಲ್ಲೂ ಅದಕ್ಕೆ ಮದ್ಯದ ಪಕ್ಕದಲ್ಲೇ ಜಾಗ. 1930ರ ಕಾಯ್ದೆಯಡಿ ಗರಿಷ್ಠ ಶಿಕ್ಷೆ 3 ವರ್ಷ, ಮತ್ತೆ ಸಿಕ್ಕಿದವರಿಗೆ 4 ವರ್ಷ. ಮೊದಲ ತಪ್ಪಿಗೂ ಮರುತಪ್ಪಿಗೂ ಇದ್ದ ಅಂತರ ಕಾನೂನಿನ ಮೈಯಲ್ಲೇ ಬರೆದಿತ್ತು.

1985ರ ನವೆಂಬರ್ 14ರಂದು ಜಾರಿಗೆ ಬಂದ ಎನ್‌ಡಿಪಿಎಸ್ ಎಂಬ ಮಾದಕವಸ್ತು ಕಾಯ್ದೆ ಈ ಲೆಕ್ಕವನ್ನೇ ಬದಲಿಸಿತು. ಹೆರಾಯಿನ್, ಅಫೀಮು, ಚರಸ್‌ಗೆ ಕನಿಷ್ಠ ಶಿಕ್ಷೆಯೇ 10 ವರ್ಷ. ಅದರ 33ನೇ ಕಲಮಿನ ಬಗ್ಗೆ ಹೆಚ್ಚು ಮಾತಾಗುವುದಿಲ್ಲ, ಆದರೆ ಮೊದಲ ಪೆಟ್ಟು ಬಿದ್ದದ್ದು ಅಲ್ಲಿಂದ. ಮೊದಲ ಸಲ ಎಡವಿದವರನ್ನು ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಕಳಿಸಲು 1958ರ ಪ್ರೊಬೇಷನ್ ಕಾಯ್ದೆ ಅವಕಾಶ ಕೊಟ್ಟಿತ್ತು. 18 ದಾಟಿದವರಿಗೆ, ಸೇವನೆಯಂಥ ಒಂದೆರಡು ಅಪರಾಧಗಳನ್ನು ಬಿಟ್ಟರೆ, ಆ ಬಾಗಿಲು ಮುಚ್ಚಿತು.

1989ರ ತಿದ್ದುಪಡಿ 37ನೇ ಕಲಮನ್ನು ಹೊಸದಾಗಿ ಬರೆಯಿತು. 5 ವರ್ಷ ಅಥವಾ ಹೆಚ್ಚು ಶಿಕ್ಷೆಯ ಕೇಸುಗಳಲ್ಲಿ ಸರ್ಕಾರಿ ವಕೀಲರು ಜಾಮೀನನ್ನು ವಿರೋಧಿಸಿದರೆ, ನ್ಯಾಯಾಧೀಶರಿಗೆ ಎರಡು ಸಂಗತಿ ಮನದಟ್ಟಾಗಬೇಕು: ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಆಧಾರವಿದೆ, ಹೊರಗೆ ಬಂದರೆ ಆತ ಮತ್ತೆ ಅಪರಾಧ ಮಾಡಲಾರ. ಹಿಂದೆ ಕೇಸೇ ಇಲ್ಲದ ಹುಡುಗನಿಗೆ ಎರಡನೆಯದನ್ನು ತೋರಿಸುವುದು ಸುಲಭ. ಮೊದಲನೆಯದಕ್ಕೆ ಮಾತ್ರ, ವಿಚಾರಣೆ ಶುರುವಾಗುವ ಮುಂಚೆಯೇ ಅರ್ಧ ಕೇಸು ಗೆದ್ದಿರಬೇಕು. ಎರಡೂ ಕೂಡಿಯೇ ಸಿದ್ಧವಾಗಬೇಕಾದ್ದರಿಂದ, ಕಳಂಕವಿಲ್ಲದ ಹಿನ್ನೆಲೆ ಒಂದೇ ಅವನನ್ನು ಹೊರಗೆ ತರಲಾರದು. ಇದು ಅನ್ಯಾಯವೇ ಸರಿ.

ಜೈಲುಗಳಲ್ಲಿ ಕೊಳೆಯುತ್ತಿದ್ದವರನ್ನು ಕಂಡು 1994ರಲ್ಲಿ ಸುಪ್ರೀಂ ಕೋರ್ಟ್, 10 ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಯ ಕೇಸುಗಳಲ್ಲಿ 5 ವರ್ಷ ಒಳಗಿದ್ದವರನ್ನು ಬಿಡಲು ಹೇಳಿತು. ಷರತ್ತು: 1 ಲಕ್ಷ ರೂಪಾಯಿಯ ಮುಚ್ಚಳಿಕೆ, ಅಷ್ಟೇ ಮೊತ್ತಕ್ಕೆ ಇಬ್ಬರು ಜಾಮೀನುದಾರರು. ಕೂಲಿಯವನಿಗೆ ಅಂಥ ಇಬ್ಬರು ಎಲ್ಲಿ ಸಿಕ್ಕಾರು?

2001ರ ತಿದ್ದುಪಡಿ ತಕ್ಕಡಿಯನ್ನು ತಂದಿಟ್ಟಿತು. ಗಾಂಜಾ 1 ಕಿಲೋವರೆಗೆ ಅಲ್ಪ ಪ್ರಮಾಣ, 20 ಕಿಲೋ ದಾಟಿದರೆ ವಾಣಿಜ್ಯ ಪ್ರಮಾಣ; ಹೆರಾಯಿನ್‌ಗೆ 5 ಗ್ರಾಂ ಮತ್ತು 250 ಗ್ರಾಂ. 37ನೇ ಕಲಮಿನ ಬಿಗಿ ಮುಖ್ಯವಾಗಿ ವಾಣಿಜ್ಯ ಪ್ರಮಾಣಕ್ಕೆ ಸೀಮಿತವಾದ್ದರಿಂದ ಸಣ್ಣ ಪೊಟ್ಟಣದವರಿಗೆ ಉಸಿರಾಡಲು ಜಾಗ ಸಿಕ್ಕಿತು.

ಆದರೆ ತೂಗುವುದು ಏನನ್ನು? 2008ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಕೇಸಿನಲ್ಲಿ ಜಪ್ತಿಯಾಗಿದ್ದ ಪುಡಿ 4 ಕಿಲೋಗೂ ಮಿಗಿಲು. ಪ್ರಯೋಗಾಲಯದ ವರದಿಯಂತೆ ಅದರಲ್ಲಿ ಹೆರಾಯಿನ್ ಇದ್ದದ್ದು ಸುಮಾರು 60 ಗ್ರಾಂ. ಶುದ್ಧ ಅಂಶವನ್ನಷ್ಟೇ ಎಣಿಸಬೇಕು ಎಂದಿತು ಪೀಠ. ಮರುವರ್ಷವೇ ಕೇಂದ್ರದ ಅಧಿಸೂಚನೆ ಇಡೀ ಮಿಶ್ರಣದ ತೂಕವೇ ಲೆಕ್ಕ ಎಂದಿತು. 2020ರಲ್ಲಿ ಹೀರಾ ಸಿಂಗ್ ಪ್ರಕರಣದ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡಿಯಿತು. ಈಗ ಕಲಬೆರಕೆ ಪುಡಿಯ ತೂಕವೂ ಜಾಮೀನಿಗೆ ಅಡ್ಡ ಬರುತ್ತದೆ.

ಇತ್ತೀಚೆಗೆ ಕೋರ್ಟಿನ ಗಮನ ಕಾಲದ ಕಡೆ ಹೊರಳಿದೆ. 23ನೇ ವಯಸ್ಸಿಗೆ ಗಾಂಜಾ ಕೇಸಿನಲ್ಲಿ ಒಳಹೋಗಿ ಏಳು ವರ್ಷ ಮೀರಿ ವಿಚಾರಣಾಧೀನ ಕೈದಿಯಾಗಿಯೇ ಇದ್ದ ಯುವಕನಿಗೆ 2023ರಲ್ಲಿ ಸುಪ್ರೀಂ ಕೋರ್ಟ್ ಜಾಮೀನು ಕೊಟ್ಟಿತು. ವಿಚಾರಣೆ ಅತಿಯಾಗಿ ಎಳೆದರೆ 37ನೇ ಕಲಮು ಅಡ್ಡಿಯಾಗದು ಎಂಬುದು ಅದರ ನಿಲುವು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು ‘ಮೊದಲ ಅಪರಾಧಿ’ಯನ್ನು, ಅಂದರೆ ಹಿಂದೆಂದೂ ಶಿಕ್ಷೆಯಾಗದವರನ್ನು, ಹೆಸರಿಟ್ಟು ಕರೆಯುತ್ತದೆ. ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಕಳೆದರೆ ಅವರಿಗೆ ಬಿಡುಗಡೆಯ ದಾರಿ ತೆರೆಯುತ್ತದೆ. ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿಯಿದ್ದರೆ ಈ ದಾರಿಯಿಲ್ಲ. ವಾಣಿಜ್ಯ ಪ್ರಮಾಣದ ಕೇಸಿನಲ್ಲಿ ಗರಿಷ್ಠ 20 ವರ್ಷ. ಅದರ ಮೂರನೇ ಒಂದು ಭಾಗವೆಂದರೆ 6 ವರ್ಷ 8 ತಿಂಗಳು.