ಓಪಿಯಾಯ್ಡ್ ನೋವುನಿವಾರಕಗಳು: ಅಪಾಯದ ಮದ್ದುಜೋಡಿಗಳು

ಮಾರ್ಫಿನ್, ಫೆಂಟನಿಲ್, ಟ್ರಮಡಾಲ್, ಟಪೆಂಟಡಾಲ್, ಕೊಡೀನ್ ಮೊದಲಾದ ಓಪಿಯಾಯ್ಡ್ ನೋವುನಿವಾರಕಗಳನ್ನು ಕೆಲವು ಔಷಧಗಳ ಜೊತೆ ಸೇವಿಸಿದಾಗ ಹಾನಿಯುಂಟಾಗುತ್ತದೆ. ಕ್ಯಾನ್ಸರಿನ ತೀವ್ರ ನೋವಿಗೆ ಮಾರ್ಫಿನ್‌ನಷ್ಟು ನೆಮ್ಮದಿ ಕೊಡುವ ಮದ್ದು ವಿರಳ. ಭಯಪಟ್ಟು ಅದನ್ನು ರೋಗಿಗೆ ತಪ್ಪಿಸುವುದು ಅನ್ಯಾಯ. ಎಚ್ಚರ ಬೇಕಾದದ್ದು ಅದರೊಡನೆ ಹೊಟ್ಟೆ ಸೇರುವ ಬೇರೆ ಮದ್ದುಗಳ ವಿಷಯದಲ್ಲಿ.

ಎಲ್ಲಕ್ಕಿಂತ ದೊಡ್ಡ ಅಪಾಯ ಉಸಿರಾಟದ್ದು. ಓಪಿಯಾಯ್ಡ್ ಮಿದುಳಿನ ಉಸಿರಾಟ ಕೇಂದ್ರವನ್ನು ಮಂದಗೊಳಿಸುತ್ತದೆ. ಆಲ್‌ಪ್ರಜೋಲಂ, ಡಯಾಜೆಪಂನಂಥ ನಿದ್ರೆ ಮತ್ತು ಆತಂಕದ ಮಾತ್ರೆಗಳು (ಬೆಂಜೋಡಯಜೆಪಿನ್‌ಗಳು), ನರನೋವಿನ ಪ್ರಿಗಾಬಲಿನ್, ಗ್ಯಾಬಪೆಂಟಿನ್, ಹಾಗೆಯೇ ಮದ್ಯ ಆ ಮಂದತೆಯನ್ನು ಪ್ರಾಣಾಂತಿಕವಾಗಿಸಬಲ್ಲವು. ಎಬ್ಬಿಸಿದರೂ ರೋಗಿ ಏಳದಿದ್ದರೆ, ಉಸಿರು ನಿಧಾನವಾಗಿ ಗೊರಗುಟ್ಟಿದರೆ, ತುಟಿ ನೀಲಿಗಟ್ಟಿದರೆ ತಕ್ಷಣ 108ಕ್ಕೆ ಕರೆ ಮಾಡಬೇಕು. ಓಪಿಯಾಯ್ಡ್‌ನ ಪ್ರತಿಮದ್ದು ನಲೋಕ್ಸೋನ್. ಅಮೆರಿಕದ ಎಫ್‌ಡಿಎ 2016ರಲ್ಲಿ ಓಪಿಯಾಯ್ಡ್ ಮತ್ತು ಬೆಂಜೋಡಯಜೆಪಿನ್‌ಗಳ ಜೋಡಿಗೆ ಅತ್ಯುನ್ನತ ಮಟ್ಟದ ಎಚ್ಚರಿಕೆ ಹಾಕಿಸಿತು. ಟಪೆಂಟಡಾಲ್ ಮತ್ತು ಸ್ನಾಯು ಸಡಿಲಿಸುವ ಕ್ಯಾರಿಸೊಪ್ರೊಡಾಲ್ ಬೆರೆತ ಮಾತ್ರೆಗಳ ತಯಾರಿಕೆ, ರಫ್ತಿನ ಅನುಮತಿ ಹಿಂಪಡೆಯಲು ಭಾರತದ ಔಷಧ ನಿಯಂತ್ರಕರು 2025ರಲ್ಲಿ ಸೂಚಿಸಿದರು.

ಟ್ರಮಡಾಲ್‌ನ ತೊಡಕು ಬೇರೆ ಬಗೆಯದು. ಖಿನ್ನತೆಯ ಕೆಲವು ಮಾತ್ರೆಗಳೊಡನೆ ಅದು ಸೆರಟೋನಿನ್ ಎಂಬ ನರರಾಸಾಯನಿಕವನ್ನು ಹೆಚ್ಚಿಸಿ ನಡುಕ, ಜ್ವರ, ಗೊಂದಲ, ಫಿಟ್ಸ್ ತರಬಲ್ಲದು. ಇನ್ನು ಕೆಲವು ಮದ್ದುಗಳು ಓಪಿಯಾಯ್ಡ್‌ನ ಪ್ರಮಾಣವನ್ನೇ ಬದಲಿಸುತ್ತವೆ: ಸೋಂಕಿಗೆ ಕೊಡುವ ಕ್ಲಾರಿಥ್ರೊಮೈಸಿನ್ ಫೆಂಟನಿಲ್‌ನ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತದೆ. ಕ್ಷಯದ ರಿಫಾಂಪಿಸಿನ್ ಮೆಥಡೋನ್ ಎಂಬ ಓಪಿಯಾಯ್ಡ್‌ನ ಪ್ರಮಾಣವನ್ನು ಇಳಿಸುತ್ತದೆ.

ಶೃಂಗೇರಿ ತಾಲ್ಲೂಕಿನ ಅಡ್ಡಗದ್ದೆಯಂಥ ಊರುಗಳವರು ದೊಡ್ಡ ಚಿಕಿತ್ಸೆಗೆ ಶಿವಮೊಗ್ಗ, ಮಣಿಪಾಲ, ಮಂಗಳೂರಿಗೆ ಹೋಗುತ್ತಾರೆ. ಒಂದೂರಿನ ಚೀಟಿ ಇನ್ನೊಂದೂರಿನ ವೈದ್ಯರಿಗೆ ಕಾಣದಿದ್ದರೆ ಇಂಥ ಜೋಡಿಗಳು ಗಮನಕ್ಕೆ ಬಾರದೆ ಹೋಗುತ್ತವೆ. ಮದ್ದನ್ನು ತಾವಾಗಿಯೇ ತಟ್ಟನೆ ನಿಲ್ಲಿಸದೆ, ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ವೈದ್ಯರಿಗೆ ತೋರಿಸಿ.